ಒಂದರಿಂದ ಐದನೇ ಇಯತ್ತೆವರೆಗೆ ಆಟದ ಹೊತ್ತು: ಎಷ್ಟು, ಯಾವಾಗ, ಹೆಂಗ?

ಎಸ್‌ಡಿಎಂಸಿ ಸದಸ್ಯ, ಕುಂದಗೋಳ ತಾಲ್ಲೂಕು

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಸಾಲಿ, ನಾ ಅದರ ಎಸ್‌ಡಿಎಂಸಿ, ಅಂದ್ರ ಶಾಲಾಭಿವೃದ್ಧಿ ಸಮಿತಿ ಸದಸ್ಯ. ಒಂದರಿಂದ ಮೂರನೇ ಇಯತ್ತೆಗೆ 58 ಹುಡುಗ್ರು, ಇಬ್ಬರು ಶಿಕ್ಷಕರು. ನಾಲ್ಕು-ಐದರಾಗ ಇನ್ನೂ 37. ಸಾಲಿ ಮುಂದ 60 ಅಡಿ ಉದ್ದ, 45 ಅಡಿ ಅಗಲದ ಅಂಗಳ ಐತಿ, ಪೂರಾ ಎರಿ ಮಣ್ಣು. ಗ್ವಾಡಿಗೆ ಹೊಸಾ ಬಣ್ಣ ಹಚ್ಚಿ "ನಮ್ಮ ಶಾಲೆಯ ಮೌಲ್ಯಗಳು" ಅಂತ ಬರಸೂದು ಸಭಾದಾಗ ಠರಾವ ಆಗೇತಿ. ಈಗಿನ ಪಟ್ಟಿ: ಪ್ರಾಮಾಣಿಕತೆ, ಸಹಕಾರ, ಶಿಸ್ತು, ಗೌರವ. ಅದರ ಜೋಡಿ ಆಟಕ್ಕ ವೇಳಾಪಟ್ಟಿಯೊಳಗ ಖಾಯಂ ಜಾಗಾ ಕೊಡಬೇಕು ಅನ್ನೋದು ಶಿಕ್ಷಕರ ವಿಚಾರ. ಪಾಲಕರೊಳಗ ಅರ್ಧಾ ಮಂದಿ "ಆಟ ಮನ್ಯಾಗ ಆಡತಾವು, ಸಾಲ್ಯಾಗ ಬರಸ್ರಿ" ಅಂತಾರ.

ಕೇಳೂದು ಇಷ್ಟ: ದಿನಕ್ಕ ಎಷ್ಟು ಹೊತ್ತು ಆಟ ಇಡಬೇಕು? ಇಬ್ಬರ ಶಿಕ್ಷಕರ ಕಡೆ ಇದು ಆಗೂದು ಹೆಂಗ? ಗ್ವಾಡಿ ಮ್ಯಾಲಿನ ನಾಕು ಮಾತಿಗೂ ಆಟಕ್ಕೂ ಏನರ ಸಂಬಂಧ ಐತೇನು?

ನಲಿಕಲಿ ಗುರುಗಳು, ಧಾರವಾಡ

ಮೊದಲು ಕಾಯ್ದೆ ಹೇಳಿಬಿಡುತ್ತೇನೆ, ಸಭೆಯಲ್ಲಿ ಉಪಯೋಗಕ್ಕೆ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನಲ್ಲಿ ಪಠ್ಯಕ್ರಮ ಸಂವಿಧಾನದ ಮೌಲ್ಯಗಳಿಗೆ ಹೊಂದಿರಬೇಕು, ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ಕಲಿಕೆ ನಡೆಯಬೇಕು, ಮಗುವಿಗೆ ಭಯ ಆತಂಕ ಇರಬಾರದು ಎಂದು ಒಟ್ಟಿಗೇ ಹೇಳಿದೆ. ಅನುಸೂಚಿಯಲ್ಲಿ ಆಟದ ಮೈದಾನವೂ ಆಟದ ಸಾಮಗ್ರಿಯೂ ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಲ್ಲಿವೆ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ. ಆಟಕ್ಕೆ ಹೊತ್ತು ಕೊಟ್ಟರೆ ನಿಯಮ ಮುರಿದಂತಾಗುತ್ತದೆ ಎಂದು ಯಾರಾದರೂ ಅಂದರೆ ಇದನ್ನು ಮುಂದಿಡಿ.

ಒಂದರಿಂದ ಮೂರನೇ ತರಗತಿಗೆ ನಿಮ್ಮಲ್ಲಿ ಈಗಾಗಲೇ ನಲಿಕಲಿ ಇದೆ, ಅಂದರೆ ಮಕ್ಕಳು ಗುಂಪಿನಲ್ಲಿ ತಮ್ಮ ವೇಗಕ್ಕೆ ತಕ್ಕಂತೆ ಚಟುವಟಿಕೆ ಮಾಡುತ್ತ ಕಲಿಯುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿಕೊಂಡು ಆರಂಭವಾಗಿ, 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಹರಡಿದ್ದು. ಐದು ತಟ್ಟೆ (ಎಷ್ಟು ಸಹಾಯ ಬೇಕೋ ಅದರಂತೆ ಮಕ್ಕಳು ಕೂರುವ ಗುಂಪು), ಕಾರ್ಡು, ಮೈಲುಗಲ್ಲು (ಕಲಿಕೆಯ ಹಂತ), ಚಪ್ಪರ (ಮಕ್ಕಳು ಮಾಡಿದ್ದನ್ನು ತೂಗುಹಾಕುವ ದಾರದ ಜಾಲ), ಗೋಡೆಯ ಕೆಳಗಿನ ಕಪ್ಪುಹಲಗೆ, ಎಲ್ಲವೂ ಮಗು ತಾನೇ ಎದ್ದು, ತಾನೇ ತೆಗೆದುಕೊಂಡು, ತಾನೇ ಮಾಡಲಿ ಎಂದೇ ಇರುವುದು. ಕಾರ್ಡು ಕಪಾಟಿನಲ್ಲಿ ಬೀಗ ಹಾಕಿಕೊಂಡಿದ್ದರೆ ಹೆಸರಿಗಷ್ಟೇ ನಲಿಕಲಿ. ಚಪ್ಪರದ ದಾರ ಮಗುವಿನ ಕೈಗೆ ಎಟುಕಬೇಕು, ನೆಲದಿಂದ ಮೂರೂವರೆ ಅಡಿಯೊಳಗೆ.

ಹೊತ್ತಿನ ವಿಷಯ. ಆಟ ಎಂದರೆ ಒಂದೇ ಬಗೆಯಲ್ಲ.

ಮಗು ತಾನೇ ಆರಿಸಿಕೊಂಡು ಆಡುವುದು: ಮಣ್ಣು, ಬೀಜ, ಬೆಂಕಿಪೊಟ್ಟಣ, ಅಡುಗೆ ಆಟ, ಅಂಗಡಿ ಆಟ. ಒಂದು-ಎರಡನೇ ತರಗತಿಗೆ ದಿನಾ 30 ನಿಮಿಷ ಬೇಕು. ಹತ್ತು ನಿಮಿಷಕ್ಕೆ ಗಂಟೆ ಹೊಡೆದರೆ ಏನೂ ಆಗುವುದಿಲ್ಲ, ಏಕೆಂದರೆ ಯಾರು ಅಂಗಡಿಯವರು, ಯಾರು ಗಿರಾಕಿ ಎಂದು ತೀರ್ಮಾನಿಸಿಕೊಳ್ಳುವುದಕ್ಕೇ ಮಕ್ಕಳಿಗೆ ಎಂಟು-ಹತ್ತು ನಿಮಿಷ ಹಿಡಿಯುತ್ತದೆ. ಆ ತಕರಾರಿನಲ್ಲೇ ಮಾತು ಬೆಳೆಯುವುದು.

ಶಿಕ್ಷಕರು ಗುರಿ ಇಟ್ಟುಕೊಂಡು ಆಡಿಸುವುದು: ಅಕ್ಷರ, ಸಂಖ್ಯೆ, ಪದ. ತಲಾ 20 ನಿಮಿಷದ ಎರಡು ಅವಧಿ, ಭಾಷೆಗೊಂದು, ಗಣಿತಕ್ಕೊಂದು.

ನಿಯಮದ ಆಟ, ಅಂಗಳದಲ್ಲಿ: 30 ನಿಮಿಷ. ಮೂರರಿಂದ ಐದನೇ ತರಗತಿಗೆ ಇದನ್ನು 40ಕ್ಕೆ ಏರಿಸಿ, ಮೊದಲನೆಯದನ್ನು 15ಕ್ಕೆ ಇಳಿಸಬಹುದು.

ಇನ್ನು ಬಹಳ ಶಾಲೆಗಳು ಎಡವುವ ಜಾಗ. 30 ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದೇ ಕುಂಟಾಬಿಲ್ಲಿ ಆಡಿಸಿದರೆ, ಒಬ್ಬರಿಗೆ 20 ಸೆಕೆಂಡು ಹಿಡಿದರೂ ಪಾಳಿ ಮತ್ತೆ ಬರುವುದು 10 ನಿಮಿಷಕ್ಕೆ. 20 ನಿಮಿಷದಲ್ಲಿ ಮಗು ಆಡುವುದು ಎರಡೇ ಸಲ. ಉಳಿದ ಹೊತ್ತು ನಿಂತಿರುವುದು, ನೂಕುವುದು. ಅದೇ 30 ಮಕ್ಕಳಿಗೆ ಆರು ಚೌಕ ಬರೆದು ಐದೈದು ಜನರನ್ನು ಬಿಟ್ಟರೆ 100 ಸೆಕೆಂಡಿಗೊಮ್ಮೆ ಪಾಳಿ, 20 ನಿಮಿಷದಲ್ಲಿ ಹನ್ನೆರಡು ಸಲ. ಆಟ ಚೆನ್ನಾಗಿದೆಯೋ ಇಲ್ಲವೋ ನೋಡಲು ಒಂದೇ ಲೆಕ್ಕ ಸಾಕು: ಒಂದು ಮಗುವನ್ನು ಗೊತ್ತುಮಾಡಿಕೊಂಡು ಅದಕ್ಕೆ ಎಷ್ಟು ಪಾಳಿ ಬಂತು ಎಂದು ಎಣಿಸಿ. ಎಲ್ಲರಿಗಿಂತ ಮೆತ್ತಗಿರುವ ಮಗುವನ್ನೇ ಎಣಿಸಿ, ಜೋರು ಮಗುವಿಗೆ ಹೇಗೂ ಪಾಳಿ ಸಿಗುತ್ತದೆ.

ತಾಯಿ, ವಿದ್ಯಾನಗರ ಹುಬ್ಬಳ್ಳಿ

ಗುರುಗಳೇ, ನಿಮ್ಮ ಲೆಕ್ಕ ಒಪ್ಪುತ್ತೇನೆ. ಆದರೆ ಪಾಲಕರ ಚಿಂತೆಯನ್ನು ಬದಿಗೆ ಸರಿಸಬೇಡಿ. ಪಕ್ಕದ ಮನೆಯ ಯುಕೆಜಿ ಮಗು ಒಂದರಿಂದ ನೂರು ಬರೆಯುತ್ತದೆ, ಸ್ಪೆಲಿಂಗ್ ಹೇಳುತ್ತದೆ. ಒಂದನೇ ಇಯತ್ತೆಯ ಮಗು ಮಣ್ಣಿನಲ್ಲಿ ಎತ್ತು ಮಾಡಿಕೊಂಡು ಬಂದರೆ ಅಜ್ಜ-ಅಜ್ಜಿ ಕೇಳುವ ಪ್ರಶ್ನೆಗೆ ಉತ್ತರ ಬೇಕಲ್ಲ? ಅಕ್ಷರ ಯಾವಾಗ ಬರುತ್ತದೆ, ಮಣ್ಣಿಗೂ ಅಕ್ಷರಕ್ಕೂ ಏನು ಸಂಬಂಧ, ಬಿಡಿಸಿ ಹೇಳಿದರೆ ಒಳ್ಳೆಯದು.

ಬಾಲವಾಡಿ ಅಕ್ಕ, ಗದಗ

ಅಕ್ಕಾರ, ಇದಕ್ಕೆ ನಾನು ಹೇಳುತ್ತೇನೆ.

ನಾಲ್ಕು-ಐದು ವರ್ಷದ ಮಗುವಿನ ಮಣಿಕಟ್ಟಿನ ಸಣ್ಣ ಎಲುಬುಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬರೆಯಬೇಕಾದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಒತ್ತಿ ಹಿಡಿಯಬೇಕು, ಉಳಿದೆರಡು ಸುಮ್ಮನೆ ಮಡಚಿಕೊಂಡಿರಬೇಕು, ಭುಜ ಅಲುಗಬಾರದು. ಆ ಹಿಡಿತ ಬರುವ ಮೊದಲೇ ನೂರು ಸಲ ಬರೆಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳಿನಿಂದ ಎಳೆಯುತ್ತದೆ. ಅಕ್ಷರ ದೊಡ್ಡದಾಗುತ್ತದೆ, ಕಾಗದ ಹರಿಯುತ್ತದೆ, ಕೈ ನೋಯುತ್ತದೆ. ಆ ತಪ್ಪು ಹಿಡಿತ ಆಮೇಲೆ ಬಿಡಿಸುವುದು ಬಹಳ ಕಷ್ಟ. ಕನ್ನಡದ ಅಕ್ಷರಗಳೋ ಎಲ್ಲ ದುಂಡು, ತಿರುವು, ಕೊಂಬು. ಗೆರೆ ಎಳೆಯುವುದಕ್ಕಿಂತ ತಿರುಗಿಸುವುದು ಮುಖ್ಯ. ಮಣ್ಣು ಮಾಡಿಸುವುದು ಅದನ್ನೇ.

ಎರೆ ಮಣ್ಣಿನ ಊರಿನವರಿಗೆ ಅಳತೆ ಕೊಡುತ್ತೇನೆ. ಬರೀ ಎರೆ ಮಣ್ಣು ಒಣಗಿದಾಗ ಬಹಳ ಕುಗ್ಗುತ್ತದೆ, ಬೇಸಿಗೆಯಲ್ಲಿ ಹೊಲ ಬಿರಿಯುತ್ತದಲ್ಲ, ಹಾಗೇ ಎತ್ತಿನ ಕಾಲೂ ಬಿರಿಯುತ್ತದೆ. ಎರಡು ಪಾಲು ಎರೆ ಮಣ್ಣಿಗೆ ಒಂದು ಪಾಲು ಸಣ್ಣ ಜರಡಿ ಹಿಡಿದ ಕೆಂಪು ಮಣ್ಣು ಅಥವಾ ನಯವಾದ ಉಸುಕು ಸೇರಿಸಿ. ಹೆಂಟೆ ಒಡೆದು ರಾತ್ರಿ ನೆನೆ ಹಾಕಿ. ಬೆಳಿಗ್ಗೆ ಮೇಲಿನ ನೀರು ಚೆಲ್ಲಿ, ಸೊಳ್ಳೆ ಪರದೆಯ ಬಟ್ಟೆಯಲ್ಲಿ ಸೋಸಿ ಹರಳು, ಬೇರು, ಗಾಜಿನ ಚೂರು ತೆಗೆಯಿರಿ. ಗೋಣಿಚೀಲದ ಮೇಲೆ ಹರವಿ ನೀರು ಇಂಗಿಸಿ, ರೊಟ್ಟಿ ಹಿಟ್ಟಿನಂತೆ ನಾದಿ. ಹದ ನೋಡುವುದು ಹೀಗೆ: ಕಿರುಬೆರಳು ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಬಿರಿದರೆ ನೀರು ಕಡಿಮೆ, ಕೈಗೆ ಅಂಟಿದರೆ ಹೆಚ್ಚು. ಮಗುವಿಗೆ ಒಂದು ಮುಷ್ಟಿ, ಅಂದರೆ ಸುಮಾರು ಕಾಲು ಕಿಲೊ. 30 ಮಕ್ಕಳಿಗೆ ಏಳೂವರೆ ಕಿಲೊ. ಹಸಿ ಗೋಣಿಯಲ್ಲಿ ಸುತ್ತಿ ಮುಚ್ಚಳದ ಬಕೀಟಿನಲ್ಲಿಟ್ಟರೆ ಒಂದು ವಾರ ಬರುತ್ತದೆ.

ಕೋಡು, ಕಾಲು ಉದುರುವುದು ಅಂಟಿಸುವ ರೀತಿಯಿಂದ. ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಿ, ಗಂಜಿಯಂಥ ತೆಳು ಮಣ್ಣು ಹಚ್ಚಿ ಒತ್ತಿದರೆ ನಿಲ್ಲುತ್ತದೆ. ಬಿಸಿಲಿಗೆ ಇಡಬಾರದು, ನೆರಳಿನಲ್ಲೇ ಎರಡು-ಮೂರು ದಿನ. ಚರಂಡಿ ಪಕ್ಕದ, ನಾಯಿ ಓಡಾಡುವ ಜಾಗದ ಮಣ್ಣು ಖಂಡಿತ ಬೇಡ. ಉಗುರು ಕತ್ತರಿಸಿರಬೇಕು, ಬಿಸಿಯೂಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಬೇಕು.

ಮಣ್ಣೆತ್ತಿನ ಅಮಾವಾಸ್ಯೆ ಬರುವುದು ಶಾಲೆ ತೆರೆದ ಹೊಸದರಲ್ಲೇ. ಒಂದನೇ ಇಯತ್ತೆಗೆ ಹೊಸದಾಗಿ ಬಂದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ. ಅಜ್ಜಿ ಕೇಳಿದರೆ ಅಜ್ಜಿಯನ್ನೇ ಶಾಲೆಗೆ ಕರೆಯಿರಿ. ಗ್ವಾದಲಿ (ಎತ್ತಿಗೆ ಮೇವು ಹಾಕುವ ತೊಟ್ಟಿ) ಹೇಗೆ ಮಾಡುವುದು ಎಂದು ತೋರಿಸಲಿ.

ಮಣ್ಣಿನಿಂದ ಅಕ್ಷರಕ್ಕೆ ಬರುವ ದಾರಿ: ಮಣ್ಣಿನ ಬತ್ತಿಯಿಂದ ಅಕ್ಷರದ ಆಕಾರ, ಆಮೇಲೆ ಉಸುಕಿನ ತಟ್ಟೆಯಲ್ಲಿ ಬೆರಳು, ಆಮೇಲೆ ನೆಲದ ಮೇಲೆ ದೊಡ್ಡದಾಗಿ ಸೀಮೆಸುಣ್ಣ, ಆಮೇಲೆ ಪಾಟಿ, ಕಡೆಗೆ ಪುಸ್ತಕ. ಯುಕೆಜಿ ಮಗು ನೂರರವರೆಗೆ ಬರೆದದ್ದು ತಪ್ಪೇನಲ್ಲ. ಆದರೆ ಅದರ ಮುಂದೆ 17 ಹುಣಸೆ ಬೀಜ ಸುರಿದು "ಎಷ್ಟು?" ಎಂದು ಕೇಳಿ ನೋಡಿ. ಬರೆಯುವುದು ಬೇರೆ, ಎಣಿಕೆ ಬೇರೆ.

ನಲಿಕಲಿ ಗುರುಗಳು, ಧಾರವಾಡ

ಅಕ್ಕೋರ ಮಾತಿಗೆ ಒಂದು ಸೇರಿಸುತ್ತೇನೆ. ಆಟವಾಡುತ್ತ ಅಕ್ಷರ ತಾನಾಗಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಾತು ತಾನಾಗಿ ಬರುತ್ತದೆ, ಓದು ಬರುವುದಿಲ್ಲ. ಅಕ್ಷರ ಮತ್ತು ಉಲಿಯ ಸಂಬಂಧವನ್ನು ಎದುರು ಕುಳಿತು ನೇರವಾಗಿ ಕಲಿಸಬೇಕು, ಆಟ ಬೇಕಾಗುವುದು ಅದು ಗಟ್ಟಿಯಾಗಲು.

ನಲಿಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಅಆಇಈ ಕ್ರಮ ಬಿಟ್ಟದ್ದೇಕೆ ಎಂದು ಪಾಲಕರು ಕೇಳುತ್ತಾರೆ. ಈ ಐದರಿಂದಲೇ ಮಗು ಮೊದಲ ತಿಂಗಳಲ್ಲೇ ಪದ ಓದಬಲ್ಲದು, ಅದಕ್ಕೆ: ರಸ, ಸರ, ದರ, ಅಗಸ, ಅರಸ, ಗರಗಸ. ನಮ್ಮ ಧಾರವಾಡದ ಮಕ್ಕಳಿಗೆ ಇನ್ನೊಂದು ಸಿಗುತ್ತದೆ, ಗರಗ. ರಾಷ್ಟ್ರಧ್ವಜದ ಖಾದಿ ನೇಯುವ ಊರಿನ ಹೆಸರು ಎರಡೇ ಅಕ್ಷರದ ಕಲಿಕೆಯಲ್ಲಿ ಓದಿಬಿಡಬಹುದು. ಸ್ವರಮಾಲೆಯ ಕ್ರಮದಲ್ಲೇ ಹೋದರೆ ಹದಿಮೂರು ಅಕ್ಷರ ಕಲಿತರೂ ಓದಲು ಪದವೇ ಸಿಗುವುದಿಲ್ಲ ಎಂಬಷ್ಟು.

ಆಟ: ಒಂದೂವರೆ ಅಡಿಯ ಐದು ಚೌಕ, ಒಂದೊಂದರಲ್ಲಿ ಒಂದು ಅಕ್ಷರ. ಒಬ್ಬರು ಪದ ಹೇಳಬೇಕು, ಒಬ್ಬರು ಆ ಕ್ರಮದಲ್ಲಿ ಕುಪ್ಪಳಿಸಬೇಕು, ಪ್ರತಿ ಚೌಕದಲ್ಲಿ ಉಲಿ ಜೋರಾಗಿ ಹೇಳಬೇಕು. ಮೂರನೆಯವರು ಪಾಟಿಯಲ್ಲಿ ಬರೆಯಬೇಕು. ನಾಲ್ಕು ಮತ್ತು ಐದನೆಯವರು ಸರಿಯೋ ತಪ್ಪೋ ನೋಡಬೇಕು. ಪದ ಮುಗಿದರೆ ಜಾಗ ಬದಲು. ಕೆಡುವುದು ಎಲ್ಲಿ ಎಂದರೆ, ಚೌಕ ದೂರವಾದರೆ ಮಗುವಿನ ಗಮನವೆಲ್ಲ ಬೀಳದಂತೆ ಜಿಗಿಯುವುದರ ಮೇಲೆ ಹೋಗಿ ಅಕ್ಷರ ಮರೆಯುತ್ತದೆ. ಚೌಕಗಳು ಒಂದಕ್ಕೊಂದು ತಾಗಿಕೊಂಡಿರಲಿ. ಹೊಸ ಅಕ್ಷರ ಕಲಿಸುವ ದಿನ ಈ ಆಟ ಬೇಡ, ಮರುದಿನ ಆಡಿಸಿ.

ಇಬ್ಬರು ಶಿಕ್ಷಕರು, 58 ಮಕ್ಕಳು ಎಂದಿರಿ. ಒಬ್ಬರು 29 ಮಕ್ಕಳಲ್ಲಿ ಆರೇಳು ಜನರ ಜೊತೆ ಕೂತು ಹೊಸದು ಕಲಿಸಬೇಕು, ಉಳಿದ ಮೂರು-ನಾಲ್ಕು ಗುಂಪು ಮೊದಲೇ ಗೊತ್ತಿರುವ ಆಟ ಆಡಬೇಕು. ಹೊಸ ಆಟವನ್ನೂ ಹೊಸ ಪಾಠವನ್ನೂ ಒಂದೇ ದಿನ ಇಟ್ಟುಕೊಂಡರೆ ಶಿಕ್ಷಕರು ಕೂತಲ್ಲಿ ಕೂರಲಾಗುವುದಿಲ್ಲ. ಸೋಮವಾರ ಆಟ ಕಲಿಸಿ, ಮಂಗಳವಾರದಿಂದ ಅದು ತಾನೇ ನಡೆಯುತ್ತದೆ.

ಗಣಿತ ಟೀಚರ್, ಸಾಧನಕೇರಿ

ಗಣಿತಕ್ಕೆ ಒಂದೇ ಆಟ ಆರಿಸಿ ಎಂದರೆ ನಾನು ಚೌಕಾಬಾರಾ ಅನ್ನುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಐದು ಅಡ್ಡ, ಐದು ಉದ್ದ, 25 ಮನೆ. ನಾಲ್ಕು ಬದಿಯ ನಡುಮನೆಗೆ ಕಾಟು, ಅದು ಆಟಗಾರರ ಕಟ್ಟೆಮನೆ. ನಟ್ಟನಡುವೆ ಹಣ್ಣಾಗುವ ಮನೆ, ಅಂದರೆ ಕಾಯಿ ಕಡೆಗೆ ತಲುಪಬೇಕಾದ ಜಾಗ. ಒಬ್ಬರಿಗೆ ನಾಲ್ಕು ಕಾಯಿ, ಎಲ್ಲರಿಗೂ ಸೇರಿ ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒರಟು ಕಲ್ಲಿಗೆ ಒಂದು ಬದಿ ಉಜ್ಜಿ ಬಿಳಿ ಮಾಡಿ. ಎಷ್ಟು ಬಿಳಿ ಮೇಲೆ ಬಿದ್ದವೋ ಅಷ್ಟು ನಡೆ, ನಾಲ್ಕೂ ಬಿಳಿ ಬಿದ್ದರೆ ಚೌಕಾ, ನಾಲ್ಕೂ ಕಪ್ಪು ಬಿದ್ದರೆ ಬಾರಾ ಅಂದರೆ 8. ಹೊರಸುತ್ತಿನಲ್ಲಿ ಎಡಕ್ಕೆ ಸುತ್ತಿ 15 ಮನೆ, ಒಳಸುತ್ತಿನಲ್ಲಿ ತಿರುಗುಮುರುಗಾಗಿ 8 ಮನೆ, ಕಡೆಗೆ ನಡುಮನೆ. ಕಟ್ಟೆಯಿಂದ ಹಣ್ಣಿನವರೆಗೆ 24 ನಡೆ.

ಇದರಲ್ಲಿ ಏನೇನಿದೆ ನೋಡಿ. ಒಂದನೇ ತರಗತಿಗೆ ಎಣಿಕೆ, ಮತ್ತು ಬೀಜ ಬಿದ್ದ ಕೂಡಲೇ ಎಣಿಸದೆ 3 ಎಂದು ಗುರುತಿಸುವುದು. ಎರಡನೇ ತರಗತಿಗೆ ಕಳೆಯುವುದು, ಹಣ್ಣಾಗಲು ಸರಿಯಾದ ಸಂಖ್ಯೆಯೇ ಬೀಳಬೇಕಾದ್ದರಿಂದ "ಇನ್ನೂ ಮೂರು ಬೇಕು" ಎಂದು ಮಗು ತಾನೇ ಹೇಳುತ್ತದೆ. ಮೂರನೇ ತರಗತಿಗೆ ಆಯ್ಕೆ, ಬಿದ್ದ 2ಕ್ಕೆ ಯಾವ ಕಾಯಿ ನಡೆಸಿದರೆ ಹೊಡೆಯಬಹುದು, ಯಾವುದು ಹೊಡೆತಕ್ಕೆ ಸಿಗುತ್ತದೆ. ನಾಲ್ಕು-ಐದಕ್ಕೆ ಸಂಭವ. ನಾಲ್ಕು ಬೀಜ ಬೀಳಬಹುದಾದ ಬಗೆ 16. ಅದರಲ್ಲಿ 1 ಬೀಳುವುದು ನಾಲ್ಕು ಬಗೆಯಲ್ಲಿ, 2 ಆರು ಬಗೆಯಲ್ಲಿ, 3 ನಾಲ್ಕು ಬಗೆಯಲ್ಲಿ, ಚೌಕಾ ಒಂದು, ಬಾರಾ ಒಂದು. ಜೋಡಿಗೆ 48 ಸಲ ಎಸೆಯಲು ಹೇಳಿ ಗೆರೆ ಹಾಕಿಸಿ. ಎರಡರ ಕಂಬ ಎತ್ತರಕ್ಕೆ ಏರುವುದು ಬಹುತೇಕ ಗುಂಪಿನಲ್ಲಿ ಕಾಣುತ್ತದೆ. ಕಾಣದ ಗುಂಪಿನ ಬೀಜ ತಪಾಸಣೆ ಮಾಡಿ, ಉಜ್ಜಿದ್ದು ಹೆಚ್ಚಾಗಿ ಒಂದೇ ಬದಿಗೆ ಬೀಳುತ್ತಿರಬಹುದು. ಆ ತಪಾಸಣೆಯೂ ಪಾಠವೇ.

ಎಲ್ಲ ಕಡೆ ಆಗುವ ತಪ್ಪು ಒಂದು. ಮಗು ಕಾಯಿ ಇರುವ ಮನೆಯನ್ನೇ "ಒಂದು" ಎಂದು ಎಣಿಸುತ್ತದೆ, ಹೀಗಾಗಿ ಪ್ರತಿ ಸಲ ಒಂದು ಮನೆ ಹಿಂದೆ ಉಳಿಯುತ್ತದೆ. ಬೈಯಬೇಡಿ. ಕಾಯಿಯನ್ನು ಕೈಯಲ್ಲಿ ಎತ್ತಿಸಿ, ಮುಂದಿನ ಮನೆಗೆ ತಾಗಿದಾಗ ಮಾತ್ರ ಬಾಯಿ ತೆರೆಯಲು ಹೇಳಿ. ನಾಲ್ಕೈದು ದಿನದಲ್ಲಿ ಹೋಗುತ್ತದೆ.

ಒಂದನೇ ತರಗತಿಗೆ ಇದಕ್ಕೂ ಮೊದಲು ನೇರ ಪಟ್ಟಿ ಒಳ್ಳೆಯದು, 1ರಿಂದ 10 ಬರೆದ ಹತ್ತು ಮನೆ. ಅಮೆರಿಕದಲ್ಲಿ ರಾಮಾನಿ, ಸೀಗ್ಲರ್ ಎಂಬುವವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ ಇಂಥ ಪಟ್ಟಿಯ ಆಟವನ್ನು ಎರಡು ವಾರದಲ್ಲಿ ನಾಲ್ಕು ಸಲ, ಸುಮಾರು ಕಾಲು ಗಂಟೆಯಂತೆ ಆಡಿಸಿದರು. ಸಂಖ್ಯೆಯ ತಿಳಿವಳಿಕೆ ಸುಧಾರಿಸಿತು, ಒಂಬತ್ತು ವಾರದ ಬಳಿಕವೂ ಉಳಿದಿತ್ತು. ಸಂಖ್ಯೆಯ ಬದಲು ಬಣ್ಣ ಇದ್ದ ಪಟ್ಟಿ ಆಡಿದವರಲ್ಲಿ ಆ ಸುಧಾರಣೆ ಇರಲಿಲ್ಲ. ಹಾಗಾಗಿ ಆಡುವಾಗ ಮನೆಯ ಸಂಖ್ಯೆಯನ್ನೇ ಹೇಳಿಸಿ. ಐದರಲ್ಲಿರುವ ಕಾಯಿ ಎರಡು ನಡೆದರೆ "ಒಂದು, ಎರಡು" ಅಲ್ಲ, "ಆರು, ಏಳು".

ಆರು ವರ್ಷದ ಕೆಳಗಿನವರಿಗೆ ಸಣ್ಣ ಬೀಜ ಕೊಡುವಾಗ ಎಚ್ಚರ, ಮೂಗಿಗೆ ತುರುಕಿಕೊಳ್ಳುತ್ತಾರೆ. ಅವರಿಗೆ ಬಾಟಲಿ ಮುಚ್ಚಳ ಕೊಡಿ.

ಮೈದಾನದ ಮಾಸ್ತರ, ಹಾವೇರಿ

ಅಂಗಳದ ಮಾತು ಯಾರೂ ತಗದಿಲ್ಲ, ನಾ ಹೇಳತೀನ್ರಿ.

ಎರಿ ಮಣ್ಣಿನ ಅಂಗಳ ಬ್ಯಾಸಗಿಯೊಳಗ ಬಿರದು ಕಾಲು ಸಿಗಹಾಕ್ಕೊಳ್ಳತಾವು, ಮಳಿಗಾಲದಾಗ ಚಪ್ಪಲ ಬಿಡೂದಿಲ್ಲ. ಪೂರಾ ಅಂಗಳ ಸುಧಾರಿಸಾಕ ಹೋಗಬ್ಯಾಡ್ರಿ, ರೊಕ್ಕ ಸಾಲೂದಿಲ್ಲ. 30 ಅಡಿಗೆ 20 ಅಡಿ ಒಂದು ಪಟ್ಟಿ ಆರಿಸ್ಕೊಳ್ರಿ. ಮ್ಯಾಲಿನ ಆರು ಇಂಚು ಎರಿ ತಗದು ಗರಸು (ಸಣ್ಣ ಹರಳಿನ ಮಣ್ಣು) ಹಾಕಿ, ನೀರು ಹೊಡದು ರೋಲರ್ ಹೊಡಸ್ರಿ. ಒಂದು ಕಡೆ ಮೂರು ಇಂಚು ಇಳಿಜಾರು ಇರಲಿ. ಗರಸು 300 ಘನ ಅಡಿ ಬೇಕು, ಅಂದ್ರ ಮೂರು ಬ್ರಾಸ್, ದಮ್ಮಸು ಮಾಡಿದ ಮ್ಯಾಲ ಇಳೀತೈತಿ ಅಂತ ಇನ್ನೊಂದು ಬ್ರಾಸ್ ಹೆಚ್ಚಿಗಿ ತರಿಸ್ರಿ.

ಉಸುಕಿನ ಗುಂಡಿ: 10 ಅಡಿ, 6 ಅಡಿ, ಒಂದೂವರೆ ಅಡಿ ಆಳ. ತಳಕ್ಕ ಆರು ಇಂಚು ಕಡಿ (ಜಲ್ಲಿ ಕಲ್ಲು), ಅದರ ಮ್ಯಾಲ ಹಳೇ ಗೋಣಿ, ಆಮ್ಯಾಲ ಒಂದು ಅಡಿ ಉಸುಕು. ಉಸುಕು 60 ಘನ ಅಡಿ ಸಾಕು. ಗೋಣಿ ಹಾಕದಿದ್ರ ಉಸುಕು ಕಡಿಯೊಳಗ ಇಳದು ಹೋಗತೈತಿ. ಎಂ-ಸ್ಯಾಂಡ್ ಬ್ಯಾಡ್ರಿ, ಅದರ ಅಂಚು ಚೂಪು, ಧೂಳೂ ಬಾಳ. ಗುಂಡಿ ಅಂಚಿಗೆ ಕಲ್ಲಲ್ಲ, ಹಳೇ ಟೈರ್ ಹುಗೀರಿ. ರಾತ್ರಿ ತಾಡಪಾಲ ಮುಚ್ಚಲಿಕ್ಕಬೇಕು, ಇಲ್ಲಂದ್ರ ನಾಯಿ ಬೆಕ್ಕು ಹೊಲಸು ಮಾಡತಾವು. ವಾರಕ್ಕೊಮ್ಮೆ ಸಲಿಕಿಲೆ ತಿರುವಿ ಬಿಸಲಿಗೆ ಒಡ್ಡರಿ.

ಇನ್ನ ಆಟ ಆರಿಸೂದು. "ಕೆರಿ-ದಡ" ಆಡಸ್ತೀವಿ, ತಪ್ಪಿದವರು ಔಟ್ ಆಗಿ ಕುಂಡ್ರತಾರ. ಮೊದಲು ಔಟ್ ಆಗೂದು ಯಾರು? ಕಿವಿ ನಿಧಾನ, ಕಾಲು ನಿಧಾನ ಇರೋ ಹುಡುಗ. ಆ ಆಟದ ರೂಢಿ ಯಾರಿಗೆ ಬೇಕಾಗಿತ್ತೋ ಅವನ್ನೇ ಮೊದಲು ಕುಂಡ್ರಿಸಿದಂಗಾತು. ಸಂಗೀತ ಕುರ್ಚಿನೂ ಹಂಗ. ಬದಲಿ ಇಷ್ಟ ಮಾಡ್ರಿ: ತಪ್ಪಿದವರು ಐದು ಸಲ ಜಿಗದು ಒಳಗ ಬರಬೇಕು. ಗೆದ್ದವರು ಯಾರು ಅನ್ನೂದಿಲ್ಲ, ಎಲ್ಲಾರೂ ಸೇರಿ ಒಂದು ತಪ್ಪಿಲ್ಲದ ಎಷ್ಟು ಸಲ ಜಿಗದ್ರು ಅಂತ ಎಣಸರಿ. ನಿನ್ನೆ 7 ಇದ್ದದ್ದು ಇವತ್ತ 9 ಆಗಲಿ.

ತಂಡ ಮಾಡೂದು ಇನ್ನೊಂದು. ಇಬ್ಬರು ನಾಯಕರು ಒಬ್ಬೊಬ್ಬರನ್ನ ಕರಕೊಳ್ಳೂದು ಬ್ಯಾಡೇ ಬ್ಯಾಡ. ಕಡೀಕ ಉಳಿಯೂ ಹುಡುಗ ದಿನಾ ಅವನ ಆಗಿರತಾನ, ಅದನ್ನ 30 ಮಂದಿ ನೋಡತಾರ. ಇಬ್ಬಿಬ್ಬರು ಸರಿಸಮಾನ ಇದ್ದವರು ಜೋಡಿ ಆಗಿ ಬರಲಿ, ಜೋಡಿಯೊಳಗ ಒಬ್ಬ ಈ ಕಡೆ ಒಬ್ಬ ಆ ಕಡೆ. ಇಲ್ಲಂದ್ರ ಚೀಲದಾಗ ಕೆಂಪು-ಹಳದಿ ಮುಚ್ಚಳ ಹಾಕಿ ತಗಸರಿ. ಗಂಡುಹುಡುಗ್ರು ಒಂದು ಕಡೆ ಹೆಣ್ಣುಹುಡುಗ್ರು ಒಂದು ಕಡೆ, ಓಣಿ ಪ್ರಕಾರ ಒಂದು ಕಡೆ ಅನ್ನೂದು ಇದರೊಳಗ ತಾನ ಮುರೀತೈತಿ.

ಲಗೋರಿಗೆ ಏಳು ಬಿಲ್ಲಿ. ಸಣ್ಣವರಿಗೆ ಕಲ್ಲು ಬ್ಯಾಡ, ಗರಟದ ಚಿಪ್ಪು ಅಥವಾ ಮರದ ತುಂಡು. ಚೆಂಡು ಹಳೇ ಬಟ್ಟಿದು, ಹೊಡತ ಮೊಣಕಾಲಿನ ಕೆಳಗ ಮಾತ್ರ. ಚಿಣಿಫಣಿ (ಚಿನ್ನಿದಾಂಡು) ಐದನೇ ಇಯತ್ತೆ ಆಗೂತನಕ ಮುಂದ ಹಾಕ್ರಿ, ಆಡಿದ್ರೂ ನೋಡಾವರು 20 ಅಡಿ ಗೆರಿ ಹಿಂದ. ಕಣ್ಣಿಗೆ ಬಡಿಯೂ ಆಟ ಅದು.

ಮುಖ್ಯೋಪಾಧ್ಯಾಯಿನಿ, ಹುಬ್ಬಳ್ಳಿ

ಮೌಲ್ಯಗಳ ಪ್ರಶ್ನೆಗೆ ಯಾರೂ ನೇರವಾಗಿ ಬಂದಿಲ್ಲ. ಮಾಸ್ತರರು ತಂಡ ಆರಿಸುವ ಬಗ್ಗೆ ಹೇಳಿದ್ದು ಅದೇ ಉತ್ತರ ಎಂದು ನನ್ನ ಅಭಿಪ್ರಾಯ. "ಗೌರವ" ಎಂದು ಗೋಡೆಯಲ್ಲಿ ಬರೆಸಿ ಮೈದಾನದಲ್ಲಿ ನಾಯಕರಿಂದ ತಂಡ ಆರಿಸಿದರೆ ಮಕ್ಕಳು ನಂಬುವುದು ಮೈದಾನವನ್ನು. "ಶಿಸ್ತು" ಎಂದು ಬರೆಸಿ, ಗೃಹಪಾಠ ಮಾಡದವರ ಆಟದ ಅವಧಿ ಕಸಿದುಕೊಂಡರೆ, ಆಟ ಬೋನಸ್ಸು, ಪಾಠ ಶಿಕ್ಷೆ ಎಂದು ಶಾಲೆಯೇ ಕಲಿಸಿದಂತೆ. ಆಟ ಕಸಿಯುವ ಶಿಕ್ಷೆ ಇರುವುದಿಲ್ಲ ಎಂದು ಠರಾವಿನಲ್ಲೇ ಬರೆಯಿರಿ. ಅಂದಹಾಗೆ, ಒಂದು-ಎರಡನೇ ತರಗತಿಗೆ ಗೃಹಪಾಠ ಕೊಡಬಾರದು ಎಂದು 2019ರಲ್ಲೇ ರಾಜ್ಯದ ಆದೇಶವಿದೆ, ಬ್ಯಾಗಿನ ತೂಕ 2 ಕಿಲೊ ಮೀರಬಾರದೆಂದೂ ಇದೆ.

ಜಗಳ ಬಂದೇ ಬರುತ್ತದೆ. ಬರಬೇಕು ಕೂಡ. ಶಿಕ್ಷಕರು ಓಡಿ ಬಂದು ತೀರ್ಪು ಕೊಟ್ಟರೆ ಮಕ್ಕಳು ಕಲಿಯುವುದು ದೂರು ಹೇಳುವುದನ್ನು. ಒಂದು ಕ್ರಮ ಇಟ್ಟುಕೊಳ್ಳಿ. ಯಾರಾದರೂ "ನಿಲ್ಲಿ" ಎಂದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ತಕರಾರು ಇರುವ ಇಬ್ಬರೂ ಒಂದೊಂದು ವಾಕ್ಯ ಹೇಳಬೇಕು, ನಡುವೆ ಯಾರೂ ಬಾಯಿ ಹಾಕಬಾರದು. ಒಪ್ಪಿಗೆ ಆದರೆ ಸರಿ, ಆಗದಿದ್ದರೆ ಆ ಪಾಳಿ ಮತ್ತೊಮ್ಮೆ ಆಡಬೇಕು. ನಿಯಮ ಬದಲಿಸಬೇಕೆನಿಸಿದರೆ ಮುಂದಿನ ಆಟದಿಂದ, ನಡುವೆ ಅಲ್ಲ. ಚೌಕಾಬಾರದಲ್ಲಿ ಒಂದೊಂದು ಮನೆಯ ನಿಯಮ ಒಂದೊಂದು: ಒಂದು ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ, ಚೌಕಾ ಬಿದ್ದರೆ ಇನ್ನೊಂದು ಪಾಳಿ ಉಂಟೇ. ಅದನ್ನು ಮಕ್ಕಳೇ ಶುರುವಿನಲ್ಲಿ ತೀರ್ಮಾನಿಸಿ ಪಾಟಿಯಲ್ಲಿ ಬರೆದಿಡಲಿ. ಹೊಡೆದಾಟ, ಬಿದ್ದ ಗಾಯ, ಹಂಗಿಸುವ ಮಾತು, ಈ ಮೂರಕ್ಕೆ ಮಾತ್ರ ಶಿಕ್ಷಕರು ಕೂಡಲೇ ನಡುವೆ ಬರಬೇಕು. ಜಾತಿ, ಬಣ್ಣ, ಮೈಕಟ್ಟಿನ ಹೆಸರಿನಲ್ಲಿ ಕರೆದರೆ ಒಂದು ಸಲವೂ ಬಿಡಬೇಡಿ.

ಬಹುಮಾನ, ಸ್ಟಾರ್ ಕೂಡ ಮಿತಿಯಲ್ಲಿರಲಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ನಡೆದು 1973ರಲ್ಲಿ ಪ್ರಕಟವಾದ ಪ್ರಯೋಗ ಪ್ರಸಿದ್ಧ: ಚಿತ್ರ ಬರೆಯಲು ಇಷ್ಟವಿದ್ದ ಮಕ್ಕಳಿಗೆ ಮೊದಲೇ ಬಹುಮಾನದ ಮಾತು ಕೊಟ್ಟು ಬರೆಸಿದರೆ, ಆಮೇಲೆ ಅವರು ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಯಿತು. ಮಗು ತಾನೇ ಬಯಸಿ ಆಡುವ ಆಟಕ್ಕೆ ಬಹುಮಾನ ಬೇಕಿಲ್ಲ.

ತಾಯಿ, ವಿದ್ಯಾನಗರ ಹುಬ್ಬಳ್ಳಿ

ಕಾಲು ಊನ ಇರುವ, ಕಣ್ಣು ಮಂದ ಇರುವ ಮಕ್ಕಳಿಗೆ? ಅಂಕ ಬರೆಯುವ ಕೆಲಸ ಕೊಟ್ಟು ಕೂರಿಸುವುದೇ ಎಲ್ಲೆಡೆ ನಡೆಯುತ್ತದೆ.

ಮೈದಾನದ ಮಾಸ್ತರ, ಹಾವೇರಿ

ಅಕ್ಕಾರ, ಅಂಕ ಬರಸೂದು ಆಟ ಅಲ್ಲ. ಆಟದ ಒಂದು ನಿಯಮ ಎಲ್ಲಾರಿಗೂ ಬದಲಸ್ರಿ, ಅವನೊಬ್ಬಗ ಅಲ್ಲ. ಚೆಂಡಿನ ಆಟ ಎಲ್ಲಾರೂ ಕುಂತ ಆಡಲಿ. ಬಟ್ಟಿ ಚೆಂಡಿನ ಒಳಗ ಗೆಜ್ಜಿ ಇಟ್ಟು ಹೊಲದ್ರ ಕಣ್ಣು ಮಂದ ಇದ್ದವರು ಸಪ್ಪಳದ ಮ್ಯಾಲ ಹಿಡೀತಾರ, ಉಳದವರಿಗೆ ಕಣ್ಣು ಕಟ್ಟರಿ. ಚೌಕಾಬಾರಾ ಪಟ್ಟು, ಅಂದ್ರ ಮನಿ ಬರದ ಹಾಸು, ರಟ್ಟಿನ ಮ್ಯಾಲ ಸುತಳಿ ಅಂಟಿಸಿ ಮಾಡಿದ್ರ ಕೈಗೆ ಗೆರಿ ಸಿಗತೈತಿ. ಗಾಲಿಕುರ್ಚಿ ಇದ್ರ ಗರಸಿನ ಪಟ್ಟಿ ತನಕ ಮೂರು ಅಡಿ ಅಗಲದ ದಾರಿ ಬೇಕು, ಎರಿ ಮಣ್ಣಿನಾಗ ಗಾಲಿ ಉರುಳೂದಿಲ್ಲ.

ಎಸ್‌ಡಿಎಂಸಿ ಸದಸ್ಯ, ಕುಂದಗೋಳ ತಾಲ್ಲೂಕು

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಗ್ವಾಡಿ ಮ್ಯಾಲಿನ ನಾಕು ಮಾತು ತಗದು ಹಿಂಗ ಬರಸಬೇಕು ಅಂತ ಕರಡು ಮಾಡೇನಿ, ತಿದ್ದರಿ:

ಇಲ್ಲಿ ಎಲ್ಲರಿಗೂ ಪಾಳಿ ಬರುತ್ತದೆ.
ಆಟದ ನಿಯಮ ನಾವು ಸೇರಿ ಮಾಡುತ್ತೇವೆ, ಮಾಡಿದ್ದನ್ನು ಪಾಲಿಸುತ್ತೇವೆ.
ತಪ್ಪಿದರೆ ಮತ್ತೊಮ್ಮೆ ಮಾಡಬಹುದು.
ಯಾರೂ ಯಾರನ್ನೂ ಹಂಗಿಸುವುದಿಲ್ಲ.
ಆಡಿದ ಸಾಮಾನು ಇದ್ದ ಜಾಗಕ್ಕೆ ಇಡುತ್ತೇವೆ.

ವೇಳಾಪಟ್ಟಿ: ಬೆಳಿಗ್ಗೆ ಪ್ರಾರ್ಥನಾ ಆದ ಮ್ಯಾಲ 30 ನಿಮಿಷ ಹುಡುಗ್ರು ತಾವ ಆರಿಸ್ಕೊಂಡು ಆಡೂ ಆಟ, ಆಮ್ಯಾಲ ಭಾಷಾ, ಗಣಿತ ಗುಂಪು. ಬಿಸಿಯೂಟ ಮುಗದ ಕೂಡಲೇ 30 ನಿಮಿಷ ಅಂಗಳ. ಜೂನ್‌ದಿಂದ ಸಪ್ಟೆಂಬರ್‌ತನಕ ಮಳಿ ಬಂದ ದಿನ ಪಡಸಾಲ್ಯಾಗ ಆಟ.

ಮುಖ್ಯೋಪಾಧ್ಯಾಯಿನಿ, ಹುಬ್ಬಳ್ಳಿ

ಐದೂ ಚೆನ್ನಾಗಿವೆ, ಐದನ್ನೂ ಕಣ್ಣಿನಿಂದ ನೋಡಿ ಹೌದೋ ಅಲ್ಲವೋ ಹೇಳಬಹುದು. ಅಕ್ಷರ ಮಕ್ಕಳ ಕಣ್ಣಿನ ಎತ್ತರಕ್ಕೆ, ನೆಲದಿಂದ ಮೂರು-ನಾಲ್ಕು ಅಡಿಯಲ್ಲಿ ಬರೆಸಿ. ನಾಲ್ಕನೆಯದರಲ್ಲಿ "ಶಿಕ್ಷಕರೂ" ಎಂದು ಸೇರಿಸಿ.

ಪಾಲಕರಿಗೆ ತೋರಿಸಲು ಪ್ರತಿ ಮಗುವಿಗೆ ಒಂದು ವಹಿ ಇರಲಿ. ದಿನಕ್ಕೆ ಐದೇ ಮಕ್ಕಳನ್ನು ನೋಡಿ ಒಂದೊಂದು ಸಾಲು, ತಾರೀಕು ಹಾಕಿ. "ಚೆನ್ನಾಗಿ ಆಡಿದಳು" ಎಂದು ಬರೆದರೆ ಉಪಯೋಗವಿಲ್ಲ. "ಚೌಕಾಬಾರದಲ್ಲಿ 3+4 ಬೆರಳು ಬಳಸದೆ ಹೇಳಿದಳು, ಪಾಳಿಗೆ ಕಾಯ್ದಳು" ಎಂದು ಬರೆದರೆ ಅಜ್ಜಿಗೂ ತಿಳಿಯುತ್ತದೆ. ಆರು ಕೆಲಸದ ದಿನಕ್ಕೆ 30 ಮಕ್ಕಳು ಮುಗಿಯುತ್ತಾರೆ.

ಮೈದಾನದ ಮಾಸ್ತರ, ಹಾವೇರಿ

ವೇಳಾಪಟ್ಟಿಯೊಳಗ ಒಂದು ತಿದ್ದುಪಡಿರಿ. ಉಂಡ ಕೂಡಲೇ ಓಡೂ ಆಟ ಬ್ಯಾಡ, ಪಕ್ಕಿ ಹಿಡೀತಾವು, ವಾಂತಿ ಮಾಡ್ಕೋತಾವು. ಊಟ ಆದ ಮ್ಯಾಲ ಅರ್ಧಾ ತಾಸು ಕಥಿ, ಹಾಡು, ಇಲ್ಲಾ ಚೌಕಾಬಾರಾ ಇಡ್ರಿ. ಅಂಗಳದ ಆಟ ಸಂಜಿ ಕಡೆ ಅವಧಿಗೆ ತಳ್ಳರಿ. ಮಾರ್ಚ್-ಏಪ್ರಿಲ್‌ದಾಗ ಮಾತ್ರ ಅದನ್ನ ಬೆಳಿಗ್ಗೆ ಮೊದಲನೇ ಅವಧಿಗೆ ತರ್ರಿ, ಬಿಸಲು ಏರೂದರೊಳಗ ಮುಗೀಬೇಕು. ಕುಡಿಯೂ ನೀರು ಅಂಗಳದ ಅಂಚಿಗೇ ಇರಲಿ.

ಪಡಸಾಲಿ ಫರ್ಸಿ ಇದ್ರ ಮಳಿ ದಿನ ಕಾಲಿನ ನೀರು ಬಿದ್ದು ಜಾರತೈತಿ, ಕುಂಟಾಬಿಲ್ಲಿ ಅಲ್ಲಿ ಆಡಸಬ್ಯಾಡ್ರಿ. ಬಾಗಲದಾಗ ಎರಡು ಗೋಣಿ ಹಾಸರಿ, ಫರ್ಸಿ ಮ್ಯಾಲ ಎಣ್ಣಿ ಬಣ್ಣದಿಂದ ಚೌಕಾಬಾರಾ ಪಟ್ಟು ಬರಸ್ರಿ. ಒಂದು ಪಟ್ಟಿಗೆ ನಾಕು ಮಂದಿ, 29 ಹುಡುಗ್ರಿಗೆ ಎಂಟು ಪಟ್ಟು ಬೇಕಾಗತಾವು. ಎರಡು ಪಟ್ಟಿನ ನಡುವ ಮೂರು ಅಡಿ ಬಿಡ್ರಿ, ಇಲ್ಲಂದ್ರ ಒಬ್ಬರ ಬೆನ್ನಿಗೆ ಇನ್ನೊಬ್ಬರ ಕಾಲು ಬಡದು ಕಾಯಿ ಎಲ್ಲಾ ಕಲಿಸಿ ಹೋಗತಾವು.